ನಾನು ಹೇಳಿದ ಒಂದು ಸುಳ್ಳು ‘ಹೂಂ’

ಹೋದ ವರ್ಷ ಶಿವರಾತ್ರಿ ಮುಗಿದ ವಾರ. ಸಾರವಾಡದ ನಮ್ಮ ಮನೆಯಲ್ಲಿ ವರ್ಷದ ಹುಣಸೆಹಣ್ಣು ಬಿಡಿಸುವ ಕೆಲಸ ನಡೆದಿತ್ತು. ಸೊಸೆ ಶ್ರೀದೇವಿಗೆ ಮರುದಿನ ವಿಜಯಪುರದಲ್ಲಿ ಎಂ.ಸಿ.ಎ. ಮೌಖಿಕ ಪರೀಕ್ಷೆ. ಅದೇ ವಿಷಯದಲ್ಲಿ ಒಮ್ಮೆ ಫೇಲಾಗಿದ್ದಳು. “ಈ ಸಲಾನೂ ಹೋತಂದ್ರ ಓದು ಬಿಟ್ಟಬಿಡ್ತೀನ್ರಿ ಅತ್ತಿ” ಎಂದು ಬೆಳಿಗ್ಗೆ ರೊಟ್ಟಿ ಬಡಿಯುವಾಗಲೇ ಹೇಳಿದ್ದಳು.

ಮಧ್ಯಾಹ್ನ ಪುಸ್ತಕ ಹಿಡಿದು ನನ್ನ ಪಕ್ಕ ಕೂತಳು. “ಏನೈತವಾ ಅದರಾಗ? ನನಗ ತಿಳಿಯೂಹಂಗ ಹೇಳು” ಎಂದೆ.

ಅವಳು ಒಂದು ಹಿಡಿ ಹುಣಸೆ ಬೀಜ, ಒಂದು ಹಿಡಿ ಕಡಲೆ ತಗೊಂಡಳು. “ಇವೆರಡ ಅಕ್ಷರ ಅಂತ ತಿಳೀರಿ. ಯಾವ ಸಾಲು ಸರಿ, ಯಾವುದು ತಪ್ಪು ಅಂತ ನಿಯಮ ಇಟ್ರ ಅದೊಂದು ಭಾಷಾ. ಒಂದ ನಮೂನಿ ನಿಯಮದ ಭಾಷಾ ಎಲ್ಲಾ ಸೇರಿ ಒಂದು ಕುಟುಂಬ. ನೀವು ಮನಸಿನ್ಯಾಗ ಒಂದು ನಿಯಮ ಇಟ್ಕೋರಿ. ನಾ ಸಾಲು ಇಟ್ಟು ಕೇಳ್ತೀನಿ. ಸರಿ ಇದ್ರ ‘ಹೂಂ’ ಅನ್ರಿ, ಇಲ್ಲಂದ್ರ ‘ಅಲ್ಲ’ ಅನ್ರಿ. ಅದರ ಮ್ಯಾಲ ನಿಯಮ ಹುಡುಕಬೇಕು.”

ಹುಣಸೆ ಬೀಜ ಜೋಡಿಯಾಗಿಯೇ ಬರಬೇಕು ಎಂದು ನಾನು ಮನಸ್ಸಿನಲ್ಲಿಟ್ಟುಕೊಂಡೆ. ಅವಳು ಸಾಲು ಜೋಡಿಸಿ ಕೇಳುತ್ತ, ವಹಿಯಲ್ಲಿ ಬರೆಯುತ್ತ ಹೋದಳು. ಎರಡು ಸಲ ‘ಅಲ್ಲ’ ಅಂದೆ. ಅವಳ ಮುಖ ಸಣ್ಣದಾಯಿತು. ಮುಂದಿನ ಸಾಲಿನ ಕೊನೆಗೆ ಒಂಟಿ ಬೀಜ ಇಟ್ಟು ಆಸೆಯಿಂದ ನನ್ನನ್ನೇ ನೋಡಿದಳು. ಮನಸ್ಸು ತಡೆಯಲಿಲ್ಲ. “ಹೂಂ” ಅಂದುಬಿಟ್ಟೆ.

ಅಲ್ಲಿಂದ ಎಲ್ಲಾ ಕೆಟ್ಟಿತು. ಅರ್ಧ ತಾಸು ಇಡುತ್ತಾಳೆ, ಅಳಿಸುತ್ತಾಳೆ. “ಯಾವ ನಿಯಮ ಹಿಡದ್ರೂ ಹೊಂದವಲ್ದ್ರಿ. ನನಗ ಈ ವಿಷಯ ಬರಂಗಿಲ್ಲ. ನಾಳೆ ನಾ ಹೋಗೂದಿಲ್ಲ” ಎಂದು ಪುಸ್ತಕ ಮುಚ್ಚಿದಳು. ಕಣ್ಣು ತುಂಬಿದ್ದವು.

ಬಿಡಿಸುತ್ತಿದ್ದ ಹುಣಸೆಹಣ್ಣು ಕೆಳಗಿಟ್ಟೆ. “ಶ್ರೀದೇವಿ, ಆ ಒಂಟಿ ಬೀಜದ ಸಾಲಿಗೆ ನಾ ಸುಳ್ಳು ಹೇಳೀನವಾ.”

“ಯಾಕ್ರಿ?”

“ನಿನ್ನ ಮಾರಿ ನೋಡಿ ಮೂರನೇ ಸಲ ಅಲ್ಲ ಅನ್ನಾಕ ಬಾಯಿ ಬರಲಿಲ್ಲ.”

ಅವಳು ಕಣ್ಣೊರೆಸಿಕೊಂಡು ನಕ್ಕಳು. “ಅತ್ತಿ ಆಗೂದು ನೀವು ಇನ್ನೂ ಕಲೀಬೇಕ್ರಿ. ಅಲ್ಲ ಅಂದ್ರನ ನನಗ ಹಾದಿ ಸಿಗೂದು.”

ಮತ್ತೆ ಮೊದಲಿನಿಂದ ಕೂತೆವು. ಈ ಸಲ ತಪ್ಪಿದ್ದಕ್ಕೆಲ್ಲ ಗಟ್ಟಿಯಾಗಿ ‘ಅಲ್ಲ’ ಅಂದೆ. ಚಹಾ ಆರುವಷ್ಟರಲ್ಲಿ ನಿಯಮ ಹಿಡಿದಳು. ನನಗೂ ಹುರುಪು ಬಂತು. ಮೊದಲು ಎಷ್ಟು ಕಡಲೆಯೋ, ಆಮೇಲೆ ಅಷ್ಟೇ ಬೀಜ ಎಂದು ಇನ್ನೊಂದಿಟ್ಟೆ. ಅದನ್ನೂ ಕಂಡುಹಿಡಿದು, “ಇದು ಮೊದಲಿನ ನಿಯಮದ ಸಣ್ಣ ಕುಟುಂಬದ್ದಲ್ರಿ. ಅದಕ್ಕ ಬೀಜ ಜೋಡಿ ಆತೋ ಇಲ್ಲೋ ಅಂತ ನೋಡಿದ್ರ ಸಾಕಿತ್ತು. ಸಾಲು ಎಷ್ಟರೆ ಉದ್ದ ಇರಲಿ, ಕಡಲಿ ಎಷ್ಟು ಬಂದ್ವು ಅಂತ ನೆನಪಿಡಬೇಕಾಗ್ತೈತಿ. ಇದು ಅದಕ್ಕಿಂತ ದೊಡ್ಡ ಕುಟುಂಬ” ಎಂದಳು. ಪುಸ್ತಕ ತೆರೆದಿರಲಿಲ್ಲ.

ಮರುದಿನ ಸಂಜೆ ಬಸ್ಸಿಳಿದು ಬಂದವಳೇ, “ಮೊದಲನೇ ಉತ್ತರಕ್ಕ ಸರ್ ಅಲ್ಲ ಅಂದ್ರು. ಅಂಜಲಿಲ್ರಿ. ಎಲ್ಲಿ ತಪ್ಪೈತಿ ಅಂತ ಹುಡುಕಿ ಹೇಳಿದ್ನಿ” ಎಂದಳು. ತಿಂಗಳಾದ ಮೇಲೆ ಫಲಿತಾಂಶ ಬಂತು, ಪಾಸಾಗಿದ್ದಳು.

ಪ್ರೀತಿಯಿಂದ ಹೇಳಿದ ಸುಳ್ಳು ಕಲಿಯುವವರಿಗೆ ಎಷ್ಟು ಭಾರ ಎಂದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಮೊನ್ನೆ ಅವಳು ಮಾಡಿದ ಎಣ್ಣೆಗಾಯಿ ತಿಂದು, “ಖಾರ ಹೆಚ್ಚಾಗೈತವಾ” ಅಂದೆ. ಮುಖ ಬಾಡಲಿಲ್ಲ. ಚಮಚ ಹಿಡಿದು, “ಎಷ್ಟು ಹೆಚ್ಚಾಗೈತ್ರಿ?” ಎಂದು ಕೇಳಿದಳು.