ವಾರ್ತೆಯಕ್ಕನ ದನಿ

ಕೆಲಸದಲ್ಲಿದ್ದಷ್ಟು ಕಾಲ ವಾರ್ತೆಯಕ್ಕನಿಗೆ ಸ್ವಂತ ಅಭಿಪ್ರಾಯ ಎಂಬುದೇ ಇರಲಿಲ್ಲ. ಇದ್ದರೂ ಅದನ್ನು ರೇಡಿಯೋ ಕೇಂದ್ರದ ಸ್ಟುಡಿಯೋ ಬಾಗಿಲಲ್ಲಿ ಚಪ್ಪಲಿಯ ಜೊತೆ ಬಿಟ್ಟು ಒಳಗೆ ಹೋಗುತ್ತಿದ್ದಳು. ಸರ್ಕಾರ ಬಿದ್ದದ್ದು, ಸರ್ಕಾರ ಬಂದದ್ದು, ಸೇತುವೆ ಕುಸಿದದ್ದು, ನಾಳೆ ಮೋಡ ಕವಿದ ವಾತಾವರಣ ಇರುತ್ತದೆ ಎಂಬುದು, ಎಲ್ಲವನ್ನೂ ಒಂದೇ ಹದದಲ್ಲಿ ಓದಿ ಎದ್ದು ಬರುತ್ತಿದ್ದಳು. ಮಂತ್ರಿಯೊಬ್ಬ ಬೆಳಿಗ್ಗೆ ಹೇಳಿದ ಮಾತನ್ನು ಸಂಜೆ ತಾನು ಹೇಳಿಯೇ ಇಲ್ಲ ಎಂದರೆ ಆ ಎರಡನ್ನೂ ಅಷ್ಟೇ ಗಂಭೀರವಾಗಿ ಓದಿದವಳು. ಊರಿನಲ್ಲಿ ಅವಳ ಮುಖ ಕಂಡವರು ಕಡಿಮೆ. ದನಿ ಕೇಳದವರು ಮಾತ್ರ ಯಾರೂ ಇರಲಿಲ್ಲ. ಹಾಲು ಕಾಯಿಸುವಾಗ, ಗಡ್ಡ ಕೆರೆಯುವಾಗ, ಮಕ್ಕಳಿಗೆ ಜಡೆ ಹೆಣೆಯುವಾಗ ಆ ದನಿ ಕಿವಿಗೆ ಬಿದ್ದರೆ ಹೊತ್ತು ಎಷ್ಟಾಯಿತೆಂದು ಜನ ಗಡಿಯಾರ ನೋಡದೆಯೇ ತಿಳಿಯುತ್ತಿದ್ದರು.

ನಿವೃತ್ತಿಯಾದ ಮೇಲೆ ಅಷ್ಟು ವರ್ಷ ಅದುಮಿಟ್ಟದ್ದೆಲ್ಲ ಒಟ್ಟಿಗೇ ಹೊರಬಂತು. ಮೊದಮೊದಲು ಟೀವಿಯಲ್ಲಿ ವಾರ್ತೆ ಓದುವ ಹುಡುಗಿಯರ ಉಚ್ಚಾರ ತಿದ್ದುತ್ತಿದ್ದಳು. ಆಮೇಲೆ ವಿಷಯಕ್ಕೇ ಕೈಹಾಕಿದಳು. "ಹೋದ ವರ್ಷ ಇದೇ ಬಾಯಲ್ಲಿ ಬೇರೆ ಹೇಳಿದ್ಯಲ್ಲಪ್ಪಾ!" ಎಂದು ಪರದೆಯ ಮೇಲಿನ ಮುಖಂಡನನ್ನು ಗದರಿಸುವಳು. ಆತ ಕೇಳಿಸಿಕೊಳ್ಳದೆ ಕೈ ಮುಗಿಯುವನು. ಒಂಟಿ ಹೆಂಗಸು, ಮೇಲಿನ ಬಡಾವಣೆಯಲ್ಲಿ ಎರಡು ಕೋಣೆಯ ಮನೆ. ಜಗಳವಾಡಲು ಟೀವಿಯಾದರೂ ಇತ್ತು.

ಅವಳನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತಿದ್ದುದು ಹವೆ. 'ವಾಡಿಕೆಗಿಂತ ಹೆಚ್ಚು ಮಳೆ', 'ವಾಡಿಕೆಗಿಂತ ಕಡಿಮೆ ಮಳೆ' ಎಂದು ಓದೀ ಓದೀ ಬಂದವಳಿಗೆ ಈಗ ವಾಡಿಕೆ ಎಂದರೆ ಯಾವುದು ಎಂಬುದೇ ತಿಳಿಯದಾಗಿತ್ತು. ಸೆಕೆ ಬಂದರೆ ಹೋಗುವ ಹೆಸರೆತ್ತುತ್ತಿರಲಿಲ್ಲ. ಮಳೆ ಬಂದರೆ ತಿಂಗಳದ್ದೆಲ್ಲ ಒಂದೇ ಮಧ್ಯಾಹ್ನ ಸುರಿದು ಕೈತೊಳೆದುಕೊಳ್ಳುತ್ತಿತ್ತು. ನದಿ ಉಕ್ಕಿದಾಗ ನೀರು ಹರಡಿಕೊಳ್ಳುತ್ತಿದ್ದ ಬಯಲಿಗೆ ಮಣ್ಣು ತುಂಬಿಸಿ ದೊಡ್ಡ ಅಂಗಡಿ ಸಮುಚ್ಚಯ ಎಬ್ಬಿಸಿದ್ದರು. ಅದಕ್ಕೆ ಒಂದು ಪಕ್ಷ ಅನುಮತಿ ಕೊಟ್ಟಿತ್ತು, ಇನ್ನೊಂದು ಪಕ್ಷ ಬಂದು ಟೇಪು ಕತ್ತರಿಸಿತ್ತು. "ಇಬ್ಬರೂ ಒಂದಾಗಿ ಮಾಡಿದ ಕೆಲಸ ಅಂದ್ರೆ ಇದೊಂದೇ" ಎಂದು ಅವಳು ತಮ್ಮನ ಹತ್ತಿರ ನಗೆಯಾಡಿದ್ದಳು. ತಮ್ಮ ನಗಲಿಲ್ಲ. ಟೇಪು ಕತ್ತರಿಸಿದ್ದು ಅವನ ಪಕ್ಷ.

ತಮ್ಮ ದರ್ಜಿ. ಹೊಳೆದಡದ ಕೆಳಬೀದಿಯಲ್ಲಿ ಅವನ ಮನೆ, ಮುಂದಿನ ಕೋಣೆಯಲ್ಲೇ ಅಂಗಡಿ. ಭಾನುವಾರ ಹೆಂಡತಿಯನ್ನು ಕರೆದುಕೊಂಡು ಅಕ್ಕನ ಮನೆಗೆ ಊಟಕ್ಕೆ ಬರುತ್ತಿದ್ದ. ಚಿಕ್ಕವನಿದ್ದಾಗ ಅಕ್ಕನ ಸೆರಗು ಬಿಟ್ಟು ಹೋಗದಿದ್ದವನು ಈಗ ತಟ್ಟೆಯ ಪಕ್ಕ ಫೋನಿಟ್ಟುಕೊಂಡು ಉಣ್ಣುತ್ತಿದ್ದ.

"ಈ ಲೋಕ ಬಿಸಿಯಾಗ್ತಿದೆ ಅನ್ನೋದೆಲ್ಲ ದೊಡ್ಡ ದೇಶದವರ ಆಟ ಕಣೆ. ನಮ್ಮನ್ನ ಹೆದರಿಸಿ ಅವರ ಸಾಮಾನು ಮಾರ್ತಾರೆ."

"ಯಾರು ಹೇಳಿದ್ರು?"

"ಬಂದಿದೆ."

"ಎಲ್ಲಿಂದ ಬಂದಿದೆ?"

"ಗ್ರೂಪಲ್ಲಿ ಬಂದಿದೆ. ನಿನಗೆ ಎಲ್ಲದಕ್ಕೂ ವಿಳಾಸ ಬೇಕು."

ಈ 'ಬಂದಿದೆ' ಎಂಬ ಮಾತು ಕೇಳಿದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಅವಳ ಕಾಲದಲ್ಲಿ ವಾರ್ತೆ ತಾನಾಗಿ ಬರುತ್ತಿರಲಿಲ್ಲ, ಯಾರಾದರೂ ತರುತ್ತಿದ್ದರು. ತಂದವರನ್ನು ಕೂರಿಸಿಕೊಂಡು ಕೇಳಬಹುದಿತ್ತು. ತಮ್ಮನಿಗೆ ಅದನ್ನು ಬಿಡಿಸಿ ಹೇಳಲು ಹೋದರೆ ಅನ್ನ ಆರುತ್ತಿತ್ತು, ನಾದಿನಿ ಇಬ್ಬರ ಮುಖವನ್ನೂ ನೋಡುತ್ತ ಕೂರುತ್ತಿದ್ದಳು.

ಈ ನಡುವೆ ಅವಳ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡು ಶಸ್ತ್ರಚಿಕಿತ್ಸೆಯಾಯಿತು. ಜೀವಕ್ಕೇನೂ ಅಪಾಯವಾಗಲಿಲ್ಲ. ದನಿ ಮಾತ್ರ ಹೋಯಿತು. ಉಳಿದದ್ದು ಮರಳು ಕಾಗದ ಉಜ್ಜಿದಂಥ ಒಂದು ಸದ್ದು. "ಇಷ್ಟು ವರ್ಷ ದುಡಿಸಿಕೊಂಡಿದೀರಿ, ಅದಕ್ಕೂ ನಿವೃತ್ತಿ ಬೇಡ್ವಾ?" ಎಂದು ವೈದ್ಯೆ ತಮಾಷೆ ಮಾಡಿದಳು. ಅಕ್ಕ ನಕ್ಕಳು. ಮನೆಗೆ ಬಂದು ಕನ್ನಡಿ ಮುಂದೆ ನಿಂತು 'ನಮಸ್ಕಾರ, ವಾರ್ತೆಗಳು' ಎಂದು ಹೇಳಿನೋಡಿ, ಕನ್ನಡಿಗೆ ಬೆನ್ನು ಹಾಕಿದಳು.

ಆ ಮಳೆಗಾಲ ನದಿಯ ಮೇಲುಭಾಗದಲ್ಲಿ ಬಿಡದೆ ಸುರಿಯಿತು. ಅಣೆಕಟ್ಟು ತುಂಬುತ್ತಿದೆ, ಕೆಳಬೀದಿಯವರು ಮನೆ ಖಾಲಿ ಮಾಡಿ ಶಾಲೆಗೆ ಹೋಗಿ ಉಳಿಯಬೇಕು ಎಂದು ನಗರಸಭೆಯವರು ಗಾಡಿಯಲ್ಲಿ ಕೂಗಿಕೊಂಡು ಹೋದರು. ಮರುದಿನ ಬೆಳಿಗ್ಗೆ ಅಕ್ಕ ಮಾತ್ರೆ ತರಲು ಔಷಧಿ ಅಂಗಡಿಗೆ ಹೋದಳು. ಅಂಗಡಿಯವನು ಹಲ್ಲು ಕಿರಿದ.

"ಅಕ್ಕಾ, ನೀವು ಹೇಳಿದ್ದು ಕೇಳಿ ಧೈರ್ಯ ಬಂತು ನೋಡಿ. ನಮ್ಮತ್ತೆ ಮನೆ ಕೆಳಬೀದೀಲೇ ಇರೋದು."

"ನಾನೇನು ಹೇಳಿದೆ?"

ಅವನು ಫೋನು ಒತ್ತಿ ಅವಳ ಮುಂದೆ ಹಿಡಿದ. "ನಮಸ್ಕಾರ. ವಾರ್ತೆಗಳು. ನದಿಯ ನೀರು ಅಪಾಯದ ಮಟ್ಟಕ್ಕಿಂತ ಬಹಳ ಕೆಳಗಿದೆ. ಮನೆ ತೆರವು ಮಾಡಿಸುತ್ತಿರುವುದು ಜಾಗ ಕಬಳಿಸುವವರ ಹುನ್ನಾರ. ಯಾರೂ ಮನೆ ಬಿಟ್ಟು ಹೋಗಬೇಡಿ."

ಅದು ಅವಳದೇ ದನಿ. 'ವಾರ್ತೆಗಳು' ಎಂದಾದ ಮೇಲೆ ಉಸಿರು ತೆಗೆದುಕೊಳ್ಳುವ ಆ ಸಣ್ಣ ಬಿಡುವು ಸಹ ಅವಳದೇ. ಯಾವ ಪುಣ್ಯಾತ್ಮನೋ ಹಳೆಯ ಧ್ವನಿಮುದ್ರಣಗಳನ್ನು ಕಂಪ್ಯೂಟರಿಗೆ ಉಣಿಸಿ ಹೊಸ ಮಾತು ಹೇಳಿಸಿದ್ದ. ಕೇಳುತ್ತ ನಿಂತಾಗ ಅವಳಿಗೇ ಒಂದು ಗಳಿಗೆ, ಆ ದನಿ ಅಷ್ಟು ನಿಶ್ಚಿಂತೆಯಿಂದ ಹೇಳುತ್ತಿದೆ, ಹಾಗಾದರೆ ನದಿ ಕೆಳಗೇ ಇದ್ದೀತು ಎನಿಸಿತು.

"ಇದು ನಾನಲ್ಲ. ನನ್ನ ಗಂಟಲು ಹೀಗಾಗಿದೆ, ಕೇಳಿಸ್ತಿದೆಯಲ್ಲ. ನಾನು ಹೇಳ್ತೀನಿ, ತಕ್ಷಣ ಮುದ್ರಿಸ್ಕೊಳ್ಳಿ" ಎಂದಳು. ಅಂಗಡಿಯವನು ಗಾಬರಿಯಾಗಿ ಮುದ್ರಿಸಿಕೊಂಡ, ತನ್ನ ಗುಂಪುಗಳಿಗೆಲ್ಲ ಕಳಿಸಿದ. ಉತ್ತರಗಳು ಪಟಪಟನೆ ಬಂದವು. ಯಾರಪ್ಪಾ ಈ ಮುದುಕಿ? ನಕಲಿ ಮಾಡೋರಿಗೆ ದನಿ ಹೊಂದಿಸೋಕೂ ಬರಲ್ವಾ? ವಾರ್ತೆಯಕ್ಕನ ಹೆಸರು ಕೆಡಿಸಬೇಡಿ. ಒಬ್ಬನಂತೂ ಎರಡೂ ಮುದ್ರಣಗಳನ್ನು ಒಟ್ಟಿಗೆ ಹಾಕಿ 'ಯಾವುದು ಅಸಲಿ, ನೀವೇ ಹೇಳಿ' ಎಂದು ಬರೆದಿದ್ದ. ಜನರೆಲ್ಲ ಮೊದಲನೆಯದನ್ನೇ ಆರಿಸಿದ್ದರು.

ಪೊಲೀಸ್ ಠಾಣೆಯಲ್ಲಿ ಅಧಿಕಾರಿ ತಾಳ್ಮೆಯಿಂದಲೇ ಕೇಳಿಸಿಕೊಂಡ. "ದೂರು ತಗೊಂಡಿದೀವಿ ಅಮ್ಮಾ. ಎಲ್ಲಿಂದ ಶುರುವಾಯ್ತು ಅಂತ ಹುಡುಕ್ತೀವಿ."

"ಅದನ್ನ ನಿಧಾನಕ್ಕೆ ಹುಡುಕಿ. ಈಗ ಜನ ಮನೆ ಬಿಡ್ತಿಲ್ವಲ್ಲ, ಅದಕ್ಕೇನು ಮಾಡ್ತೀರಿ?"

"ಗಾಡಿ ಕಳಿಸಿದ್ವಿ. ಕಲ್ಲು ಹೊಡೆದು ವಾಪಸ್ಸು ಕಳಿಸಿದ್ರು" ಎಂದು ಅವನು ಕೈಚೆಲ್ಲಿದ.

ಅವಳು ಆಟೋ ಹಿಡಿದು ಕೆಳಬೀದಿಗೆ ಹೋದಳು. ಮುಂದೆ ಮಳೆನೀರು ನಿಂತದ್ದರಿಂದ ಆಟೋದವನು ತಿರುವಿನಲ್ಲೇ ಇಳಿಸಿದ. ಅಲ್ಲಿ ಇಸ್ತ್ರಿ ಅಂಗಡಿಯ ಮುದುಕ ಕೆಂಡ ಊದುತ್ತ, ಬಟ್ಟೆಗೆ ನೀರು ಚಿಮುಕಿಸುತ್ತ ನಿಂತಿದ್ದ. ಆ ಬೀದಿಗೆ ಈಚೆಗೆ ಬಂದು ಸೇರಿದವನು, ಅವಳನ್ನು ಕಂಡಿರಲಿಲ್ಲ.

"ಇನ್ನೂ ಇಲ್ಲೇ ಇದೀರಲ್ಲ? ನೀರು ಬರುತ್ತೆ, ಹೊರಡಿ" ಎಂದಳು.

"ಬರಲ್ಲ ತಾಯಿ. ವಾರ್ತೆಯಕ್ಕನೇ ಹೇಳಿದಾರೆ."

"ನಾನೇ ಅವಳು."

ಮುದುಕ ಇಸ್ತ್ರಿ ಪೆಟ್ಟಿಗೆ ಎತ್ತಿಟ್ಟು ಅವಳನ್ನು ನೋಡಿದ. ಅವನ ಮುಖದಲ್ಲಿ ಕುಹಕವಿರಲಿಲ್ಲ, ಕನಿಕರವಿತ್ತು. "ಆಯಮ್ಮನ ದನಿ ನನಗೆ ಗೊತ್ತಿಲ್ವಾ? ನನ್ನ ಹೆಂಡತಿ ಹೋದಾಗ ಮಾತಾಡೋಕೆ ಮನೇಲಿ ಯಾರೂ ಇರಲಿಲ್ಲ. ರೇಡಿಯೋದಲ್ಲಿ ಆಯಮ್ಮ ಒಬ್ಬಳೇ ಇದ್ಲು. ಯಾವತ್ತೂ ಸುಳ್ಳು ಹೇಳಿದೋಳಲ್ಲ. ನೀವು ಹುಷಾರಾಗಿ ಮನೆ ಸೇರ್ಕೊಳಿ."

ಅವಳು ಅವನ ತೋಳು ಹಿಡಿದೆಳೆದಳು. ಕೂಗಲು ಹೋದರೆ ಗಂಟಲಿಂದ ಬರೀ ಗಾಳಿ ಬಂತು. ಪಕ್ಕದ ಮನೆಯವರು ಹೊರಗೆ ಬಂದು ಯಾರೋ ತಲೆಕೆಟ್ಟವಳೆಂಬಂತೆ ಅವಳನ್ನು ನೋಡಿದರು.

ತಮ್ಮ ಹೊಲಿಗೆ ಯಂತ್ರಗಳನ್ನು ಮೇಜಿನ ಮೇಲೆ ಎತ್ತಿಡುತ್ತಿದ್ದ. ನಾದಿನಿ ಚೀಲ ಕಟ್ಟಿಕೊಂಡು ಬಾಗಿಲಲ್ಲೇ ಕೂತಿದ್ದಳು.

"ನೀನಾದ್ರೂ ನಂಬ್ತೀಯೋ ಇಲ್ವೋ? ಆ ಮಾತು ನಾನು ಹೇಳಿದ್ದಲ್ಲ."

"ನೀನು ಹೇಳಿಲ್ಲ ಅಂತ ನನಗೆ ಗೊತ್ತಾಗಲ್ವೇನೆ? ನಿನ್ನ ಗಂಟಲು ನನಗೆ ಗೊತ್ತಿಲ್ವಾ?" ಎಂದ ತಮ್ಮ. ಅವಳಿಗೆ ಜೀವ ಬಂದಂತಾಯಿತು. ಆದರೆ ಅವನು ಮುಂದುವರಿಸಿದ: "ನೀನು ಹೇಳದಿದ್ರೇನು, ಮಾತು ಸರಿಯಾಗೇ ಇದೆಯಲ್ಲ. ನಾವು ಒಂದ್ಸಲ ಬಿಟ್ಟುಹೋದ್ರೆ ಮತ್ತೆ ಒಳಗೆ ಬಿಡಲ್ಲ. ಇದು ಆ ಪಕ್ಷದೋರ ಕುತಂತ್ರ."

ಸುಳ್ಳೆಂದು ಗೊತ್ತಿಲ್ಲದವನಿಗೆ ಸುಳ್ಳೆಂದು ಹೇಳಬಹುದು. ಗೊತ್ತಿದ್ದೂ ಅದನ್ನು ಪ್ರೀತಿಸುವವನಿಗೆ? "ನಿನ್ನ ಕಾಲಿಗೆ ಬೀಳ್ತೀನಿ ಕಣೋ" ಎಂದು ನಿಜಕ್ಕೂ ಬಗ್ಗಿದಳು. ಅವನು ಸಿಡಿಮಿಡಿಗೊಂಡು ಎಬ್ಬಿಸಿದ. ನಾದಿನಿ ಅಳುತ್ತ, "ನೀವು ಹೋಗಿ ಅಕ್ಕಾ, ಇವರನ್ನ ಬಿಟ್ಟು ನಾನು ಹೇಗೆ ಬರಲಿ" ಎಂದಳು.

ನೀರು ಮಧ್ಯಾಹ್ನ ಬಂತು. ಅಕ್ಕ ಮೇಲಿನ ಬಡಾವಣೆಯ ತಾರಸಿಯ ಮೇಲೆ ನಿಂತು ನೋಡಿದಳು. ಕೆಳಬೀದಿ ಇದ್ದ ಕಡೆ ಕಂದು ನೀರು, ಅದರ ಆಚೆ ಎತ್ತರದಲ್ಲಿ ಒಣಗಿ ನಿಂತ ಅಂಗಡಿ ಸಮುಚ್ಚಯ. ತಮ್ಮನ ಫೋನು ಉತ್ತರಿಸಲಿಲ್ಲ. ಮಾರನೆಯ ದಿನ ದೋಣಿಯವರು ಗಂಡಹೆಂಡಿರನ್ನು ಅವರ ಮನೆಯ ತಾರಸಿಯಿಂದ ಇಳಿಸಿ ತಂದು ಅವಳ ಮನೆಗೆ ಬಿಟ್ಟರು. ಯಂತ್ರಗಳೆಲ್ಲ ಹೋಗಿದ್ದವು. ಇಸ್ತ್ರಿ ಅಂಗಡಿಯ ಮುದುಕ ನೀರು ಇಳಿದ ಮೇಲೆ ಹೆಣವಾಗಿ ಸಿಕ್ಕಿದ.

ಎರಡೂ ಪಕ್ಷದವರು ಒಬ್ಬರಾದ ಮೇಲೆ ಒಬ್ಬರು ಅವಳ ಮನೆ ಹುಡುಕಿಕೊಂಡು ಬಂದರು. ಆ ಸುಳ್ಳು ದನಿ ಮಾಡಿದ್ದು ಇವರೇ ಎಂದು ಪತ್ರಕರ್ತರ ಮುಂದೆ ಹೇಳಿ ಎಂದು ಅವರು, ಅವರೇ ಎಂದು ಇವರು. "ಯಾರು ಮಾಡಿದ್ರೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ನಾನು ಹೇಳಲ್ಲ" ಎಂದಳು. ಇಬ್ಬರೂ ಮುಖ ಸಿಂಡರಿಸಿಕೊಂಡು ಹೋದರು. ಠಾಣೆಯವರು ಹುಡುಕುತ್ತಲೇ ಇದ್ದರು.

ಮುದುಕನ ಮಗಳು ಅಪ್ಪನ ಕಾರ್ಯ ಮುಗಿಯುವವರೆಗೆ ಶಾಲೆಯ ಕೊಠಡಿಯೊಂದರಲ್ಲಿ ಉಳಿದಿದ್ದಾಳೆ ಎಂದು ತಿಳಿದು ಅಕ್ಕ ನೋಡಲು ಹೋದಳು. ಬೆಂಚುಗಳನ್ನು ಗೋಡೆಗೆ ಒತ್ತಿ ಜಾಗ ಮಾಡಿಕೊಂಡಿದ್ದರು, ಕರಿಹಲಗೆಯ ಮೇಲೆ ಯಾರದೋ ಲೆಕ್ಕ ಇನ್ನೂ ಅಳಿಸಿರಲಿಲ್ಲ. ಅಕ್ಕ ತಾನು ಯಾರೆಂದು ಹೇಳಿದಳು. ಮಗಳು ಬಹಳ ಹೊತ್ತು ಅವಳ ಬಾಯಿಯನ್ನೇ ನೋಡಿದಳು.

"ನಾನು ಕರೆಯೋಕೆ ಬಂದಿದ್ದೆ. ಗಂಡನ ಮನೆಯಿಂದ ಓಡಿಬಂದೆ. ಅಪ್ಪ ಬರಲ್ಲ ಅಂದ. ವಾರ್ತೆಯಕ್ಕ ಹೇಳಿದಾರೆ ಅಂದ" ಎಂದಳು. ಸಿಟ್ಟಿನಿಂದ ಹೇಳಲಿಲ್ಲ. "ನೀವಲ್ಲ ಅಂತ ಈಗ ಹೇಳ್ತಿದಾರೆ. ಇರಬಹುದು. ಆದ್ರೆ ಆ ದನಿ ಕೇಳಿದ್ರೆ ಸಾಕು, ಅಪ್ಪ ಬರಲ್ಲ ಅಂದಿದ್ದೇ ನೆನಪಾಗುತ್ತೆ." ಅಕ್ಕ ಅವಳ ಕೈ ಹಿಡಿಯಲು ಹೋದಳು. ಮಗಳು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಹಿಡಿಯಲೂ ಇಲ್ಲ.

ಮನೆಗೆ ಬಂದಾಗ ತಮ್ಮ ನಡುಕೋಣೆಯಲ್ಲಿ ಅವಳ ಹಳೆಯ ಶಾಲು ಹೊದ್ದು ಫೋನು ನೋಡುತ್ತ ಕೂತಿದ್ದ. ಗಡ್ಡ ಬೆಳೆದು ಮುಖ ಸಣ್ಣದಾಗಿತ್ತು.

"ನೋಡಿಲ್ಲಿ ಅಕ್ಕಾ, ಬಂದಿದೆ. ಅಣೆಕಟ್ಟಿನ ಬಾಗಿಲು ಬೇಕಂತಲೇ ತೆಗೆದಿದ್ದಂತೆ. ಮಳೇನೂ ವಿಮಾನದಿಂದ ಮಾಡಿಸಿದ್ದಂತೆ."

ನಾದಿನಿ ಅಡುಗೆಮನೆಯ ಬಾಗಿಲಿಗೆ ಬಂದು, ಬೇಡ ಎಂಬಂತೆ ಅಕ್ಕನತ್ತ ತಲೆಯಾಡಿಸಿದಳು. ಅಕ್ಕ ಬಾಯಿ ತೆರೆದಳು. ಯಾರು ಹೇಳಿದ್ರು, ಎಲ್ಲಿಂದ ಬಂತು ಎಂದು ಕೇಳಬೇಕಿತ್ತು. ಎಲ್ಲವನ್ನೂ ಕಳೆದುಕೊಂಡವನು ಯಾರ ಮೇಲಾದರೂ ಹೊರಿಸಬೇಕೆಂದು ಅಷ್ಟು ಆಸೆಯಿಂದ ಅವಳ ಮುಖವನ್ನೇ ನೋಡುತ್ತಿದ್ದ.

"ಊಟ ಮಾಡಿದ್ಯಾ?" ಎಂದು ಕೇಳಿದಳು.

ಅವನಿಗೆ ಸರಿಯಾಗಿ ಕೇಳಿಸಲಿಲ್ಲ. "ಏನಂದೆ?" ಎಂದು ಕಿವಿ ಮುಂದೆ ಮಾಡಿದ. ಅವಳು ಒಳಗೆ ಹೋಗಿ ತಟ್ಟೆ ಹಾಕಿದಳು.