ಹಲಗೆಗೆ ಹೊಡೆದ ಹಿಮ್ಮಡಿ

ನನ್ನ ತಂಗಿಗೆ ಕಿವಿ ಕೇಳಿಸುವುದಿಲ್ಲ ಎಂಬುದು ಅವಳು ಎಂಟು ತಿಂಗಳ ಕೂಸಾಗಿದ್ದಾಗಲೇ ನನಗೆ ಗೊತ್ತಿತ್ತು. ಯಾರಿಗೂ ಹೇಳಲಿಲ್ಲ. ಅಷ್ಟೇ ಅಲ್ಲ, ಬೇರೆಯವರಿಗೆ ಗೊತ್ತಾಗದಂತೆಯೂ ಮಾಡಿದೆ.

ಎಪ್ಪತ್ತರ ದಶಕ ಮುಗಿಯುತ್ತಿತ್ತು. ನನಗೆ ಹದಿನಾಲ್ಕು ವರ್ಷ. ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟು, ಇಳಕಲ್ಲಿನ ನಮ್ಮ ಮನೆಯಲ್ಲಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಾ ತಂಗಿ ಕಸ್ತೂರಿಯನ್ನು ಆಡಿಸುತ್ತಿದ್ದೆ. ಅಪ್ಪ ನೆಲದ ಕುಣಿಯಲ್ಲಿ ಕೂತು ನೇಯುತ್ತಿದ್ದ ಮಗ್ಗದ ಬದಿಗೆ ಹಾಸಿದ್ದ ಉದ್ದ ಹಲಗೆಯ ಮೇಲೆ ಕೌದಿ ಹಾಕಿ ಅವಳನ್ನು ಮಲಗಿಸುತ್ತಿದ್ದೆವು. ಮಗ್ಗ ನಿಂತರೆ ಎಚ್ಚರಾಗಿ ಅಳುತ್ತಿದ್ದಳು.

"ಮಗ್ಗದ ಸಪ್ಪಳನ ಈಕೀಗೆ ಜೋಗುಳ," ಎಂದು ಅಪ್ಪ ನಗುತ್ತಿದ್ದ.

ಒಂದು ದಿನ ಅಂಗಳದಲ್ಲಿ ಕೂಸನ್ನು ಕೂರಿಸಿದ್ದೆ. ನನ್ನ ಕೈಯಿಂದ ತಾಮ್ರದ ಕೊಡ ಜಾರಿ, ಅವಳ ಬೆನ್ನ ಹಿಂದಿನ ಕಲ್ಲಿನ ಮೇಲೆ ಬಿತ್ತು. ಕೋಳಿಗಳು ಚೆಲ್ಲಾಪಿಲ್ಲಿಯಾಗಿ ಓಡಿದವು.

ಕೂಸು ಕಣ್ಣು ಸಹ ಮಿಟುಕಿಸಲಿಲ್ಲ.

ಮಗ್ಗದ ಸಪ್ಪಳ ಅವಳಿಗೆ ಕಿವಿಯಿಂದ ಮುಟ್ಟುತ್ತಿರಲಿಲ್ಲ, ಹಲಗೆಯಿಂದ ಬೆನ್ನಿಗೆ ಮುಟ್ಟುತ್ತಿತ್ತು.

ಅವ್ವನಿಗೂ ಅನುಮಾನವಿತ್ತು. ಸೂಜಿ ಹಾಕಲು ಮನೆಗೆ ಬಂದ ನರ್ಸಬಾಯಿಯನ್ನು ಕೇಳಿದಳು. "ಬಾಯಾರ, ಕೂಸು ಕರದ್ರ ತಿರಗಿ ನೋಡೂದಿಲ್ರಿ."

"ನಿನ್ನ ಹೊರಗ ಕೊಟ್ಟಾರೋ, ಸಂಬಂಧದಾಗೋ?"

"ನಮ್ಮವ್ವನ ತಮ್ಮಗ ಕೊಟ್ಟಾರ್ರಿ."

"ಹಂಗಾದ್ರ ನೋಡೂನು ತಡಿ. ಸೋದರಮಾವಗ ಕೊಟ್ಟಲ್ಲಿ ಒಮ್ಮೊಮ್ಮೆ ಕೂಸಿನ ಕಿವಿ ಹೋಗಿರ್ತಾವ."

ಅವ್ವ ನನ್ನ ಮುಖ ನೋಡಿದಳು. "ಹಂಗೇನರ ಇದ್ರ ಈಕೀನ ನನ್ನ ತಮ್ಮಗ ಕೊಡೂದಿಲ್ಲ."

ಅವ್ವನ ತಮ್ಮ, ನನ್ನ ಮಾಮಾ. ಹುನಗುಂದದ ಸಂತೆಯಿಂದ ನನಗೆ ಬಳೆ ತರುತ್ತಿದ್ದ. ಅವನೇ ನನ್ನ ಗಂಡನೆಂದು ನಾನು ಎಂದೋ ತೀರ್ಮಾನಿಸಿಕೊಂಡಿದ್ದೆ.

ನರ್ಸಬಾಯಿ ಕೂಸನ್ನು ಹಲಗೆಯ ಮೇಲೆ ನನಗೆ ಒರಗಿಸಿ ಕೂರಿಸಿದಳು. ಹಿಂದೆ ಮಗ್ಗದ ಕಡೆ ನಿಂತು ಚಮಚದಿಂದ ಹಾಲು ಕುಡಿಸುವ ವಾಟಗ ಬಡಿದಳು. ಅದೇ ಕ್ಷಣಕ್ಕೆ ನಾನು ಸೀರೆಯ ಮರೆಯಲ್ಲಿ ಹಿಮ್ಮಡಿಯಿಂದ ಹಲಗೆಗೆ ಹೊಡೆದೆ.

ಕಸ್ತೂರಿ ಮಗ್ಗದ ಕಡೆ ತಿರುಗಿದಳು.

ಎರಡನೇ ಸಲವೂ ಹೊಡೆದೆ. ಮೂರನೇ ಸಲವೂ.

"ಏ ಹುಚ್ಚಿ, ಆಕೀ ಕಿವಿ ಛಲೋ ಅದಾವ. ಗಂಡನ ಮಾತು ಕೇಳದ ನಿನ್ನ ಕಿವೀನ ಮೊದಲ ತೋರಸು!" ಎಂದಳು ನರ್ಸಬಾಯಿ. ಅವ್ವ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನೂ ನಕ್ಕೆ.

ಮರುವರ್ಷ ಮಾಮಾನ ಜೊತೆ ನನ್ನ ಮದುವೆಯಾಯಿತು.

ಕಸ್ತೂರಿಗೆ ಮಾತು ಬರಲಿಲ್ಲ. ನರ್ಸಬಾಯಿ ನೋಡಿದ್ದಾಳಲ್ಲ, ತಡವಾಗಿ ಬರುತ್ತದೆ ಎಂದು ಅವ್ವ ಕಾದಳು. ಐದು ವರ್ಷ ತುಂಬಿದ ಮೇಲೆ ಬಾಗಲಕೋಟೆಯ ದವಾಖಾನೆಗೆ ಕರೆದುಕೊಂಡು ಹೋದೆವು. ಡಾಕ್ಟರು ಅವಳ ಕಿವಿಗೆ ಹೆಡ್‌ಫೋನ್ ಹಾಕಿ ಬಹಳ ಹೊತ್ತು ಮಷೀನಿನ ಗುಂಡಿ ತಿರುಗಿಸಿದರು. ಕಸ್ತೂರಿ ಅವರನ್ನೇ ನೋಡುತ್ತಾ ಸುಮ್ಮನೆ ಕೂತಿದ್ದಳು.

"ಹುಟ್ಟಿದಾಗಿಂದನ ಕೇಳಸೂದಿಲ್ಲ. ವರ್ಷದೊಳಗ ತಂದಿದ್ರ ಹಿಯರಿಂಗ್ ಏಡ್ ಹಾಕಿ ಮಾತು ಕಲಸಾಕ ನೋಡಬಹುದಿತ್ತು. ಈಗೂ ಹಾಕ್ತೀವಿ. ಆದ್ರ ಭಾಳ ಆಶಾ ಇಟಗೋಬ್ಯಾಡ್ರಿ."

"ತೋರಿಸಿದ್ವಿರೀ ಸಾಹೇಬ್ರ," ಎಂದಳು ಅವ್ವ. "ಎಂಟು ತಿಂಗಳಿದ್ದಾಗನ ತೋರಿಸಿದ್ವಿ."

ವಾಪಸು ಬರುವಾಗ ಬಸ್ಸು ಕಮತಗಿ ಊರು ದಾಟುವವರೆಗೂ ಅವ್ವ ಆ ನರ್ಸಬಾಯಿಗೆ ಶಾಪ ಹಾಕಿದಳು. ನಾನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ತಪ್ಪು ಮಾಡದವಳು ಬೈಗುಳ ತಿನ್ನುತ್ತಿದ್ದಳು. ಮಾಡಿದವಳ ಹೆಗಲ ಮೇಲೆ ತಲೆಯಿಟ್ಟು ಕಸ್ತೂರಿ ನಿದ್ದೆ ಹೋಗಿದ್ದಳು.

ಅದಾಗಿ ಎರಡು ವರ್ಷಕ್ಕೆ ನನಗೆ ಮಗ ಹುಟ್ಟಿದ. ಆರು ತಿಂಗಳಿಗೆ ಅವನನ್ನು ಗಂಡನ ತೊಡೆಯ ಮೇಲೆ ಕೂರಿಸಿದೆ.

"ಕಾಲು ಅಳ್ಳಾಡಸಬ್ಯಾಡ್ರಿ," ಎಂದೆ.

ಬರಿಗಾಲಲ್ಲಿ ಮೆಲ್ಲಗೆ ಹಿಂದೆ ಹೋಗಿ ಚಮಚದಿಂದ ವಾಟಗ ಬಡಿದೆ.

ಮಗ ತಿರುಗಲಿಲ್ಲ.

ಅದೇ ವಾರ ಬಾಗಲಕೋಟೆಗೆ ಹೋದೆವು. ಅಲ್ಲಿಂದ ಹುಬ್ಬಳ್ಳಿಗೆ ಕಳಿಸಿದರು. "ಒಂದ ಮನೆತನದಾಗ ಇಬ್ಬರೊಳಗೂ ಅದ ದೋಷ ಮುಚ್ಚಿಕೊಂಡಿರತೈತಿ," ಎಂದರು ಅಲ್ಲಿನ ಡಾಕ್ಟರು. "ಎರಡೂ ಕಡಿಯಿಂದ ಕೂಸಿಗೆ ಬಂದ್ರ ಹಿಂಗಾಗ್ತೈತಿ. ಆದ್ರ ನೀ ಲಗೂನ ತಂದಿ, ಛಲೋ ಆತು. ನಿನಗ ಹೆಂಗ ಗೊತ್ತಾತವಾ?"

ನಾನು ಮಗನ ಕುಲಾವಿಯ ದಾರ ಕಟ್ಟಿದೆ.

ಈಗ ಮಗನ ಎದೆಯ ಮೇಲೆ ಒಂದು ಸಣ್ಣ ಪೆಟ್ಟಿಗೆ ಇದೆ, ಅದರಿಂದ ಕಿವಿಗೆ ವೈರು. ಮೊನ್ನೆ ಅವನ ಹೆಸರು ಹಿಡಿದು ಕೂಗಿದಾಗ ತಿರುಗಿದ. ಒಂದೇ ಸಲ. ಆ ಒಂದು ಸಲಕ್ಕೆ ನಾನು ದೇವರಿಗೆ ಕೈಮುಗಿದೆ. ಮುಗಿದ ಕೈ ಬಿಡಿಸುವಷ್ಟರಲ್ಲಿ ಕಸ್ತೂರಿ ನೆನಪಾದಳು.

ಮರುದಿನವೇ ತವರಿಗೆ ಹೋದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಎಂಟು ವರ್ಷದ ಕಸ್ತೂರಿ ಹಲಗೆಯ ಮೇಲೆ ಬೆನ್ನು ತಿರುಗಿಸಿ ಕೂತು ಕಂಡಿಕೆ ಸುತ್ತುತ್ತಿದ್ದಳು. ಅವಳನ್ನು ಕರೆಯಲು ನಮ್ಮ ಮನೆಯಲ್ಲಿ ಎಲ್ಲರೂ ಹಲಗೆಗೆ ಹಿಮ್ಮಡಿ ಹೊಡೆಯುತ್ತಾರೆ. ನಾನೂ ಹೊಡೆದೆ. ತಿರುಗಿದಳು. ಎದುರಿಗೆ ಕೂತು, ಅವ್ವನಿಗೂ ಕೇಳುವಂತೆ ಎಲ್ಲವನ್ನೂ ಹೇಳಿದೆ.

ರೊಟ್ಟಿಯ ಸಪ್ಪಳ ನಿಂತಿತು. ಅಕ್ಕ ಏನು ಹೇಳಿದಳು ಎಂದು ಕಸ್ತೂರಿ ಅವ್ವನತ್ತ ಕೈ ಆಡಿಸಿ ಕೇಳಿದಳು. ಅವ್ವ ಅಲುಗಾಡಲಿಲ್ಲ. ನಾನು ತಂಗಿಯ ಮುಖವನ್ನು ನನ್ನ ಕಡೆ ತಿರುಗಿಸಿಕೊಂಡು, ತುಟಿ ಕಾಣುವಂತೆ, ಮತ್ತೆ ಮೊದಲಿನಿಂದ ಹೇಳಿದೆ.

"ಆವತ್ತ ನೀ ಕೇಳಿ ತಿರಗಿದ್ದಿಲ್ಲ, ಕಸ್ತೂರಿ. ನಾ ಹಲಗಿಗೆ ಹೊಡದಿದ್ದೆ. ನನ್ನ ಲಗ್ನ ತಪ್ಪತೈತಂತ ಹೊಡದಿದ್ದೆ. ತಪ್ಪಾತವಾ. ನಂದ ತಪ್ಪು."