ಯಾರದಾರ್ರಿ ಮನ್ಯಾಗ?

ಕಲ್ಲೋಳಿಯ ನಮ್ಮ ಬಾಜೂ ಮನೆಯ ಕಾಕು, ಬಾಗಿಲು ತೆರೆದೇ ಇದ್ದರೂ ಹೊರಗೆ ನಿಂತು “ಯಾರದಾರ್ರಿ ಮನ್ಯಾಗ?” ಎಂದು ಕೂಗದೆ ಯಾರ ಮನೆಗೂ ಕಾಲಿಡುತ್ತಿರಲಿಲ್ಲ.

ನಮ್ಮ ಜೊತೆ ಜಪಾನ್ ಪ್ರವಾಸಕ್ಕೆ ಬಂದಾಗಲೂ ಅಷ್ಟೇ. ಬೆಟ್ಟಗಳ ನಡುವೆ ಹುಲ್ಲು ಹೊದಿಸಿದ ಹಳೆಯ ಮನೆಗಳ ಊರೊಂದನ್ನು ಹಾಗೇ ಕಾಪಾಡಿ ಇಟ್ಟಿದ್ದರು. ನಾವೆಲ್ಲ ಫೋಟೋ ತೆಗೆಯುತ್ತ ಒಂದು ಮನೆಯೊಳಗೆ ಹೋದೆವು. ಕಾಕು ಹೊಸ್ತಿಲಾಚೆ ನಿಂತು ಕೂಗಿದರು.

“ಯಾರೂ ಇರೂದಿಲ್ರಿ ಕಾಕು. ಬರೇ ನೋಡಾಕ ಇಟ್ಟ ಮನಿ, ಬರ್ರಿ,” ಎಂದೆ.

“ಒಲಿ ಉರಿಯಾಕತ್ತೈತಿ, ಯಾರೂ ಇಲ್ಲಂದ್ರ ಹೆಂಗ?”

ಮತ್ತೆ ಕೂಗಿದರು. ನಮ್ಮ ಕಣ್ಣಿಗೇ ಬೀಳದೆ ಮೂಲೆಯಲ್ಲಿ ಕಟ್ಟಿಗೆ ಜೋಡಿಸುತ್ತಿದ್ದ ಮುದುಕಿಯೊಬ್ಬರು ನಗುತ್ತ ಎದ್ದು ಬಂದು, ಕಾಕುವನ್ನು ಒಲೆಯ ಮುಂದೆ ಕೂರಿಸಿ ಚಹಾ ಕೊಟ್ಟರು.

ಊರಿಗೆ ಮರಳಿದ ಮೇಲೆ ಗೋಕಾಕದ ಬಸ್ಸಿನಲ್ಲಿ ಯಾರೋ, “ಜಪಾನದಾಗ ಏನೇನ ನೋಡಿದ್ರಿ?” ಎಂದು ಕೇಳಿದರು.

“ನೋಡಾಕ ಎಲ್ಲಿ ಆತ್ರಿ,” ಎಂದರು ಕಾಕು, “ಅವರ ಮನ್ಯಾಗ ಮಾತಾಡ್ಕೋತ ಕುಂತಬಿಟ್ನಿ.”